ಹದಿನಾಲ್ಕು ಮಿಲಿಮೀಟರ್ ಬಾಗಿದ ಅಂಚು

ಆ ಕಾರಿನ ತಳ ಯಾಕೆ ಹರಿಯಿತೆಂದು ಈಗ ಯಾರು ಕೇಳಿದರೂ ಎರಡು ನಿಮಿಷದಲ್ಲಿ ಹೇಳಬಲ್ಲೆ. ಹರಿಯುವುದಕ್ಕೆ ಮೂರು ದಿನ ಮೊದಲೇ ಹೇಳಬಹುದಿತ್ತು. ಹೇಳದೆ ಸಹಿ ಹಾಕಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ನಮ್ಮ ತಾಂತ್ರಿಕ ಮುಖ್ಯಸ್ಥರ ಮೇಲೆ, ಅರ್ಧ ನನ್ನ ಮೇಲೆ.

ಜನವರಿಯಲ್ಲಿ ನಮ್ಮ ಪುಟ್ಟ ರೇಸಿಂಗ್ ತಂಡ ಕೊಟ್ಟೂರಿಗೆ ಬಂದಿಳಿಯಿತು. ರೇಸುಗಳು ಶುರುವಾಗಲು ಎಂಟು ವಾರ ಉಳಿದಿತ್ತು. ನಮ್ಮದು ಒಂಟಿ ಆಸನದ, ಚಕ್ರಗಳು ಹೊರಗೆ ಕಾಣುವ ಕಾರು. ಆ ವರ್ಷ ಅದಕ್ಕೆ ಹೊಸ ತಳಹಲಗೆ, ಹೊಸ ಹಿಂದಿನ ರೆಕ್ಕೆ. ಇವೆರಡನ್ನೂ ಓಡಿಸಿ ಪರೀಕ್ಷಿಸಬೇಕಿತ್ತು, ಆದರೆ ರೇಸ್ ಟ್ರ್ಯಾಕನ್ನು ದೊಡ್ಡ ತಂಡಗಳು ಆಗಲೇ ಹಿಡಿದುಕೊಂಡಿದ್ದವು. ನಮ್ಮ ಪ್ರಾಯೋಜಕರು ಗಾಳಿವಿದ್ಯುತ್ ಕಂಪನಿಯವರು. ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಅವರ ಗಾಳಿಯಂತ್ರಗಳಿದ್ದವು. ಯಂತ್ರದ ಉದ್ದನೆಯ ರೆಕ್ಕೆಗಳನ್ನು ಸಾಗಿಸಲು ಅವರು ತಮ್ಮ ಜಾಗದಲ್ಲೇ ಹಾಕಿಸಿದ್ದ ಎರಡು ಕಿಲೋಮೀಟರ್ ನೇರ ಡಾಂಬರು ರಸ್ತೆ ಈಗ ಖಾಲಿ ಬಿದ್ದಿತ್ತು. ಅದನ್ನು ನಮಗೆ ಬಿಟ್ಟುಕೊಟ್ಟರು. ಕೊಟ್ಟೂರಿನಲ್ಲಿ ಮುಚ್ಚಿಹೋಗಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಶೆಡ್ಡು ನಮ್ಮ ಕಾರ್ಖಾನೆಯಾಯಿತು. ನನ್ನ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ತಂಡದವರೆಲ್ಲ ಲಾಡ್ಜಿನಲ್ಲಿದ್ದರೆ ನಾನು ದಿನಾ ಅಪ್ಪನ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ.

ನನ್ನ ಪಾಲಿನ ಕೆಲಸ ಗಾಳಿಯ ಅಳತೆ. ಕಾರು ಜೋರಾಗಿ ಓಡುವಾಗ ತಳಹಲಗೆಗೂ ರಸ್ತೆಗೂ ನಡುವೆ ನುಗ್ಗುವ ಗಾಳಿ ಕಾರನ್ನು ನೆಲಕ್ಕೆ ಹೀರಿ ಹಿಡಿಯುತ್ತದೆ. ಹಿಡಿತ ಹೆಚ್ಚಿದಷ್ಟೂ ತಿರುವಿನಲ್ಲಿ ವೇಗ. ಹೊಸ ತಳಹಲಗೆ ಇನ್ನೂ ಬಲವಾಗಿ ಹೀರುತ್ತದೆಂದು ಕಂಪ್ಯೂಟರ್ ಹೇಳಿತ್ತು. ಅದನ್ನು ವಿನ್ಯಾಸ ಮಾಡಿದವರು ತಾಂತ್ರಿಕ ಮುಖ್ಯಸ್ಥರೇ. ಕಂಪ್ಯೂಟರ್ ಹೇಳಿದ್ದು ರಸ್ತೆಯ ಮೇಲೆ ನಿಜವೇ ಎಂದು ನೋಡಿ ಹೇಳಬೇಕಾದವಳು ನಾನು.

ನಗರದಿಂದ ತಂದಿದ್ದ ಹೊಸ ತಳಹಲಗೆ ಲಾರಿಯಲ್ಲೇ ಸೀಳು ಬಿಟ್ಟಿತ್ತು. ಅಚ್ಚು ಮಾತ್ರ ನಮ್ಮ ಜೊತೆಗಿತ್ತು. ಅದರಂಥದೇ ಇನ್ನೊಂದನ್ನು ಇಲ್ಲೇ ಮಾಡಿಸುವುದೆಂದಾಯಿತು. ಪ್ರಾಯೋಜಕ ಕಂಪನಿಯವರು ಒಬ್ಬ ಫೈಬರ್ ಮೇಸ್ತ್ರಿಯನ್ನು ತೋರಿಸಿದರು. ಹಿರೇಹಡಗಲಿಯವರು, ಕುರಿ ಸಾಕುವ ಮನೆತನ. ಅಣ್ಣಂದಿರು ಇಂದಿಗೂ ಕುರಿಯ ಹಿಂದೆಯೇ ಇದ್ದಾರೆ. ಇವರು ಮಾತ್ರ ಸೊಂಟಕ್ಕೆ ಹಗ್ಗ ಬಿಗಿದು ಗಾಳಿಯಂತ್ರದ ರೆಕ್ಕೆಯ ಮೇಲೆ ಇಳಿದು, ಸಿಡಿಲು ಬಡಿದು ಸೀಳಿದ ಜಾಗಕ್ಕೆ ಪದರ ಹಚ್ಚುತ್ತಾ ಹನ್ನೊಂದು ವರ್ಷ ಕಳೆದಿದ್ದರು. ಶೆಡ್ಡಿನಲ್ಲಿ ಮಾತು ಕಡಿಮೆ. ಬಟ್ಟೆ ಹಾಸುವ ಮೊದಲು ಅಚ್ಚಿನ ಮೇಲೆ ಬರಿಗೈ ಆಡಿಸಿ ಧೂಳು ನೋಡುತ್ತಿದ್ದರು. ಅಂಟು ಕಲಸುವಾಗ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ತಳಹಲಗೆಯ ಎರಡೂ ಪಕ್ಕದ ಅಂಚಿಗೆ ನಕ್ಷೆಯಲ್ಲಿ ಎರಡೇ ಪದರ ಕಾರ್ಬನ್ ಬಟ್ಟೆ ಬರೆದಿತ್ತು. ಮೇಸ್ತ್ರಿ ಮಾದರಿಗೆಂದು ಒಂದು ಗೇಣುದ್ದದ ತುಂಡು ಮಾಡಿ, ಒಣಗಿದ ಮೇಲೆ ಹೆಬ್ಬೆರಳಿನಿಂದ ಅದುಮಿ ತೋರಿಸಿದರು.

"ಇದು ಬಾಗತೈತ್ರಿ. ಅಂಚಿಗೆ ಇನ್ನೆರಡು ಪದರ ಬೇಕು. ಗುಡ್ಡದ ಮ್ಯಾಲಿನ ರೆಕ್ಕಿ ಎಷ್ಟ್ ದಪ್ಪ ಅದಾವು, ಅವೂ ಗಾಳಿಗೆ ಬಾಗತಾವು."

ಮುಖ್ಯಸ್ಥರು ನಕ್ಕರು. ಇದು ಗಾಳಿಯಂತ್ರವಲ್ಲ, ರೇಸ್ ಕಾರು, ಇಲ್ಲಿ ಒಂದೊಂದು ಗ್ರಾಮ್ ತೂಕವೂ ಮುಖ್ಯ, ನಕ್ಷೆಯಲ್ಲಿ ಇದ್ದಷ್ಟು ಹಾಕಿದರೆ ಸಾಕು ಎಂದರು. ಮೇಸ್ತ್ರಿ ನನ್ನ ಕಡೆ ನೋಡಿದರು. ನಮ್ಮ ಸೀಮೆಯ ಹುಡುಗಿ, ಓದಿದವಳು, ಇವಳಾದರೂ ಹೂಂ ಅಂದಾಳು ಎಂಬ ನೋಟ. ನಾನು ಹೇಳಿದ್ದು ಇಷ್ಟೇ:

"ಕಂಪ್ಯೂಟರಿನಾಗ ಎಲ್ಲಾ ನೋಡ್ಯಾರ್ರಿ. ಹಾಕ್ರಿ."

ಅದು ಸುಳ್ಳು. ಕಂಪ್ಯೂಟರಿನ ಲೆಕ್ಕದಲ್ಲಿ ತಳಹಲಗೆ ಕಲ್ಲಿನಂತೆ ಗಟ್ಟಿ, ಒಂದು ಕೂದಲೆಳೆಯಷ್ಟೂ ಅಲುಗದು ಎಂದೇ ಹಿಡಿದಿದ್ದೆವು. ಲೆಕ್ಕ ಬೇಗ ಮುಗಿಯಲೆಂದು ಎಲ್ಲರೂ ಮಾಡುವ ಸುಲಭದ ದಾರಿ ಅದು. ನನಗೆ ಗೊತ್ತಿತ್ತು. ಮೇಸ್ತ್ರಿ ತಲೆಯಾಡಿಸಿ ಎರಡೇ ಪದರ ಹಾಕಿದರು.

ಮೊದಲ ಎರಡು ದಿನ ಹೋದ ವರ್ಷದ ಹಳೆಯ ತಳಹಲಗೆಯನ್ನೇ ಹಾಕಿ ಓಡಿಸಿದೆವು. ಹೊಸದನ್ನು ಹೋಲಿಸಲು ಹಳೆಯದರ ಅಳತೆ ಬೇಕಲ್ಲ. ಬೆಳಿಗ್ಗೆ ಆರಕ್ಕೆ ಕೊಟ್ಟೂರು ಬಿಟ್ಟರೆ ಬೆಳಕು ಹರಿಯುವಷ್ಟರಲ್ಲಿ ರಸ್ತೆಯ ಮೇಲಿರುತ್ತಿದ್ದೆವು. ಒಂಬತ್ತು ಗಂಟೆಯ ಒಳಗೆ ಕೆಲಸ ಮುಗಿಯಬೇಕು. ಆಮೇಲೆ ಗುಡ್ಡದಿಂದ ಗಾಳಿ ಬಿಡುತ್ತದೆ, ಅಳತೆ ಎಲ್ಲ ಕಲಸಿಹೋಗುತ್ತದೆ. ರಸ್ತೆಯ ಎರಡೂ ತುದಿಗೆ ಒಬ್ಬೊಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದರು, ಕುರಿ ಹಿಂಡೋ ಟ್ರ್ಯಾಕ್ಟರೋ ಅಡ್ಡ ಬಂದರೆ ಓಟ ನಿಲ್ಲಿಸಲು. ಚಾಲಕ ಗಂಟೆಗೆ ನೂರು, ನೂರಾ ಮೂವತ್ತು, ನೂರಾ ಅರವತ್ತು ಕಿಲೋಮೀಟರ್ ಹೀಗೆ ಒಂದೊಂದು ವೇಗವನ್ನು ಹತ್ತು ಸೆಕೆಂಡು ಕದಲದಂತೆ ಹಿಡಿಯಬೇಕು. ಹೋಗುವಾಗೊಮ್ಮೆ, ಬರುವಾಗೊಮ್ಮೆ. ಕಾರಿನ ಹೊಟ್ಟೆಯಡಿ ನಾಲ್ಕು ಲೇಸರ್ ಸೆನ್ಸರುಗಳು ರಸ್ತೆಗೂ ಕಾರಿಗೂ ಇರುವ ಅಂತರವನ್ನು ಬರೆದುಕೊಳ್ಳುತ್ತಿದ್ದವು. ಚಕ್ರ ಹಿಡಿದ ಸರಳುಗಳ ಮೇಲಿನ ಸೆನ್ಸರುಗಳು ಎಷ್ಟು ಭಾರ ಒತ್ತುತ್ತಿದೆ ಎಂದು ಹೇಳುತ್ತಿದ್ದವು.

ಮೈಮೇಲೆ ಗಾಳಿ ಹೇಗೆ ಹರಿಯುತ್ತದೆಂದು ಕಣ್ಣಿಗೆ ಕಾಣಲು ಕಾರಿಗೆ ಚಿಕ್ಕ ಚಿಕ್ಕ ನೂಲು ಅಂಟಿಸುತ್ತೇವೆ. ನಾವು ತಂದಿದ್ದ ನೈಲಾನ್ ನೂಲು ಚಳಿಗಾಲದ ಒಣಹವೆಗೆ ಕಾರಿನ ಮೈಗೇ ಅಂಟಿಕೊಂಡು ಕೂತಿತು. ಮಾರನೆ ದಿನ ಮೇಸ್ತ್ರಿ ಮನೆಯಿಂದ ಒಂದು ಉಂಡೆ ಕರಿ ಉಣ್ಣೆ ತಂದರು, ಕಂಬಳಿಗೆಂದು ಅವರ ತಾಯಿ ಕೈಯಲ್ಲೇ ನೂತದ್ದು. ಬಿಳಿ ಕಾರಿನ ಮೇಲೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ, ರಸ್ತೆ ಪಕ್ಕ ನಿಲ್ಲಿಸಿದ್ದ ವ್ಯಾನಿನಿಂದ ತೆಗೆದ ಫೋಟೊಗಳಲ್ಲಿ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು.

ಮೂರನೆ ದಿನ ಹೊಸ ತಳಹಲಗೆ ಹಾಕಿದೆವು. ನೂರಾ ಮೂವತ್ತರವರೆಗೆ ಕಾರು ಕಂಪ್ಯೂಟರ್ ಹೇಳಿದ ದಾರಿಯಲ್ಲೇ ಹೋಯಿತು. ಮುಖ್ಯಸ್ಥರು ಕಾಫಿ ಲೋಟ ಹಿಡಿದುಕೊಂಡೇ ನನ್ನ ಭುಜದ ಹಿಂದೆ ನಿಂತು ಪರದೆ ನೋಡುತ್ತಿದ್ದರು. ನೂರಾ ಅರವತ್ತಕ್ಕೆ ಗೆರೆ ಮೇಲೇರಬೇಕಿತ್ತು. ಏರಲಿಲ್ಲ. ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಗರಗಸದ ಹಲ್ಲಿನ ಹಾಗೆ. ಚಾಲಕ ಹೆಲ್ಮೆಟ್ ತೆಗೆದು, ಕಾರಿನ ಹಿಂಭಾಗವನ್ನು ಯಾರೋ ಎತ್ತಿ ಎತ್ತಿ ಬಿಟ್ಟ ಹಾಗೆ ಆಗುತ್ತಿದೆ ಎಂದ. ಫೋಟೊ ತೆರೆದು ನೋಡಿದೆ. ತಳಹಲಗೆಯ ಅಂಚಿನ ಪಕ್ಕದ ಉಣ್ಣೆ ಎಳೆಗಳು ನೂರಾ ಮೂವತ್ತರಲ್ಲಿ ಬಾಚಿದಂತೆ ಹಿಂದಕ್ಕೆ ಮಲಗಿದ್ದವು. ನೂರಾ ಅರವತ್ತರಲ್ಲಿ ಕೆದರಿಹೋಗಿದ್ದವು, ಕೆಲವು ಮುಂದಕ್ಕೆ ತಿರುಗಿದ್ದವು.

ಅಂಚು ಬಾಗುತ್ತಿರಬಹುದು ಎಂದು ಆ ಗಳಿಗೆಯಲ್ಲೇ ನನಗೆ ಅನ್ನಿಸಿತು. ಗಾಳಿಯ ಹೀರುವಿಕೆಗೆ ಅಂಚು ಕೆಳಕ್ಕೆ ಬಾಗಿ ರಸ್ತೆಗೆ ತೀರ ಹತ್ತಿರ ಬಂದರೆ ಗಾಳಿಯ ದಾರಿ ಕಟ್ಟುತ್ತದೆ. ಹೀರುವಿಕೆ ನಿಲ್ಲುತ್ತದೆ, ಕಾರು ಮೇಲೇಳುತ್ತದೆ. ಅಂಚು ನೆಟ್ಟಗಾಗುತ್ತದೆ, ಮತ್ತೆ ಹೀರುತ್ತದೆ. ಕಾರು ಪುಟಿಯುವುದಕ್ಕೆ ಅಷ್ಟು ಸಾಕು. ಮುಖ್ಯಸ್ಥರಿಗೆ ಫೋಟೊ ತೋರಿಸಿದೆ.

"ಉಣ್ಣೆ ನೋಡಿ ಕಾರು ಕಟ್ಟೋಕಾಗಲ್ಲ. ನಿಮ್ಮ ಸೆನ್ಸರ್ ಸರಿಯಿಲ್ಲ, ಮೊದಲು ಅದನ್ನ ನೋಡಿ," ಎಂದರು.

ಆ ದಿನವೂ ಮಾರನೆ ದಿನವೂ ಸೆನ್ಸರ್ ನೋಡಿದೆ. ಒಂದೊಂದನ್ನೂ ಬಿಚ್ಚಿ, ತೂಕದ ಕಲ್ಲು ಇಟ್ಟು ತಾಳೆ ನೋಡಿ, ಮತ್ತೆ ಕೂರಿಸಿದೆ. ಲೇಸರುಗಳ ಗಾಜು ಒರೆಸಿದೆ. ವೈರುಗಳನ್ನು ಬದಲಿಸಿದೆ. ಎಲ್ಲ ಸರಿಯಿದ್ದವು. ಮೊದಲೇ ಸರಿಯಿದ್ದವು. ಒಂದು ಬೆಳಗಿನ ಶಾಂತ ಹವೆ ಹಾಗೇ ಹೋಯಿತು. ಐದನೆ ದಿನ ಮತ್ತೆ ಓಡಿಸಿದರೆ ಅದೇ ಗರಗಸದ ಗೆರೆ. ಆಗ ಅವರು ರಸ್ತೆಯೇ ಸರಿಯಿಲ್ಲ ಎಂದರು. ಹಳೆಯ ತಳಹಲಗೆ ಇದೇ ರಸ್ತೆಯಲ್ಲಿ ನೆಟ್ಟಗೆ ಓಡಿತ್ತಲ್ಲ ಎಂದೆ. ಅವರು ಮಾತು ಬದಲಿಸಿದರು. ಭಾನುವಾರ ತಂಡದ ಮಾಲೀಕರು ಪ್ರಾಯೋಜಕರನ್ನು ಕರೆದುಕೊಂಡು ಬರುತ್ತಾರೆ, ಅವರ ಮುಂದೆ ಇಡಲು ನೂರಾ ಎಂಬತ್ತರ ಅಂಕಿ ಬೇಕು, ನಾಳೆ ಓಡಿಸೋಣ ಎಂದಷ್ಟೇ ಹೇಳಿ ಲಾಡ್ಜಿಗೆ ಹೋದರು.

ಪ್ರತಿ ಓಟಕ್ಕೂ ಮೊದಲು ಒಂದು ಹಾಳೆಗೆ ಎರಡು ಸಹಿ ಬೀಳಬೇಕು. ಒಂದು ಅವರದು, ಇನ್ನೊಂದು ನನ್ನದು. ಎರಡೂ ಇಲ್ಲದೆ ಕಾರು ಹೊರಡುವಂತಿಲ್ಲ. ಆರನೆ ದಿನ ಬೆಳಿಗ್ಗೆ ಅವರು ಸಹಿ ಮಾಡಿದ ಹಾಳೆಯನ್ನು ವ್ಯಾನಿನ ಬಾನೆಟ್ಟಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ಬೇಡ ಎನ್ನಬಹುದಿತ್ತು. ಎಲ್ಲರೂ ಕಾಯುತ್ತಿದ್ದರು, ಗಾಳಿ ಏಳಲು ಅರ್ಧ ಗಂಟೆ ಉಳಿದಿತ್ತು, ಚಾಲಕ ಆಗಲೇ ಒಳಗೆ ಕೂತಿದ್ದ. ಸಹಿ ಹಾಕಿದೆ.

ಕಾರು ನಮ್ಮನ್ನು ದಾಟಿ ಹೋಯಿತು. ಅದು ಪುಟಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ನಿಲ್ಲಿಸಿ ಎಂದು ವಾಕಿಟಾಕಿ ಎತ್ತುವಷ್ಟರಲ್ಲಿ ಎಡಚಕ್ರದ ಮುಂದಿನಿಂದ ಕರಿಯ ತುಂಡೊಂದು ಎದ್ದು ತಿರುಗುತ್ತಾ ಮೇಲಕ್ಕೆ ಹಾರಿತು. ಅಂಚು ರಸ್ತೆಗೆ ತಾಗಿ ಹರಿದಿತ್ತು. ಹರಿದ ಉಳಿದ ಭಾಗ ಹಿಂದಿನ ಚಕ್ರದಡಿ ಸಿಕ್ಕಿತು. ಕಾರು ಎರಡು ಸುತ್ತು ಗಿರಕಿ ಹೊಡೆದು, ರಸ್ತೆ ಬಿಟ್ಟು, ಕೆಮ್ಮಣ್ಣು ಎಬ್ಬಿಸುತ್ತಾ ಜಾಲಿ ಪೊದೆಯೊಳಗೆ ಹೋಗಿ ನಿಂತಿತು. ನಾವು ಓಡಿದೆವು. ಚಾಲಕ ತಾನೇ ಇಳಿದು ಬಂದ, ಬಲಗೈ ಮಣಿಕಟ್ಟು ಹಿಡಿದುಕೊಂಡು. ಎಲುಬು ಮುರಿದಿರಲಿಲ್ಲ. ಸ್ಟಿಯರಿಂಗ್ ಒದ್ದ ಏಟಿಗೆ ಉಳುಕಿತ್ತು, ಹತ್ತು ದಿನ ಕಟ್ಟು ಬಿತ್ತು. ಅವನು ಕೂಗಾಡಲಿಲ್ಲ. ನನ್ನ ಮುಂದೆ ನಿಂತು, ಪುಟಿಯುತ್ತೆ ಎಂದು ಮೂರು ದಿನದಿಂದ ಹೇಳುತ್ತಿದ್ದೆನಲ್ಲ, ಬರೆದುಕೊಂಡಿದ್ದೀರಲ್ಲ ಎಂದು ಕೇಳಿದ. ಬರೆದುಕೊಂಡಿದ್ದೆ.

ಭಾನುವಾರದ ಭೇಟಿ ರದ್ದಾಯಿತು; ಮಾರನೆ ದಿನ ಮಧ್ಯಾಹ್ನ ಮಾಲೀಕರಿಗೂ ಪ್ರಾಯೋಜಕರಿಗೂ ಮುಖ್ಯಸ್ಥರ ವರದಿ ಹೋಯಿತು. ನನಗೆ ಅದರ ಪ್ರತಿ ಬಂತು. ಸ್ಥಳೀಯವಾಗಿ ತಯಾರಿಸಿದ ತಳಹಲಗೆಯಲ್ಲಿ ಪದರಗಳ ಅಂಟು ಸರಿಯಾಗಿ ಹಿಡಿದಿರಲಿಲ್ಲ, ಅದರಿಂದ ಅವಘಡವಾಯಿತು ಎಂದು ಬರೆದಿತ್ತು. ಕೆಳಗೆ ಮಾಡಿದವರೆಂದು ಮೇಸ್ತ್ರಿಯ ಹೆಸರು. ಅದರ ಕೆಳಗೆ ಅಳತೆಗಳನ್ನು ಪರಿಶೀಲಿಸಿದವರೆಂದು ನನ್ನ ಹೆಸರು, ಓಟದ ಹಾಳೆಯಿಂದ ಕತ್ತರಿಸಿ ಅಂಟಿಸಿದ ನನ್ನದೇ ಸಹಿ. ಇನ್ನೊಂದು ಪುಟದಲ್ಲಿ ಹೊಸ ತಳಹಲಗೆಯ ಸಾಧನೆ ಎಂದು ಒಂದು ಪಟ್ಟಿ. ಅವು ರಸ್ತೆಯ ಮೇಲೆ ಅಳೆದ ಅಂಕಿಗಳಾಗಿರಲಿಲ್ಲ, ಕಂಪ್ಯೂಟರಿನವು.

ಮುಖ್ಯಸ್ಥರಿಗೆ ಫೋನ್ ಮಾಡಿದೆ. ನನ್ನನ್ನು ಕೇಳದೆ ನನ್ನ ಸಹಿ ಹೇಗೆ ಹಾಕಿದಿರಿ ಎಂದೆ. ಅವರ ದನಿಯಲ್ಲಿ ಏನೂ ಬದಲಾಗಲಿಲ್ಲ.

"ಪ್ರಾಯೋಜಕರಿಗೆ ಏನಾದರೂ ಒಂದು ಕಾರಣ ಕೊಡಬೇಕಲ್ಲಮ್ಮ. ಆ ಮನುಷ್ಯನಿಗೆ ಇದರಿಂದ ಏನು ನಷ್ಟ? ಅವನು ನಮ್ಮ ತಂಡದವನೂ ಅಲ್ಲ."

ನಾನು ಕೂಗಿದೆ. ಏನು ಕೂಗಿದೆನೆಂದು ನೆನಪಿಲ್ಲ. ಅವರು ಫೋನ್ ಇಟ್ಟಿದ್ದರು.

ನಷ್ಟ ಏನೆಂದು ಸೋಮವಾರ ಗೊತ್ತಾಯಿತು. ವರದಿ ಓದಿದ ಗಾಳಿವಿದ್ಯುತ್ ಕಂಪನಿಯ ಸೈಟ್ ಎಂಜಿನಿಯರು ಮೇಸ್ತ್ರಿಯನ್ನು ಕರೆಸಿ ಹಗ್ಗ, ಬೆಲ್ಟು, ಹೆಲ್ಮೆಟ್ಟು ವಾಪಸ್ ತೆಗೆದುಕೊಂಡಿದ್ದರು. ಕಾರಿನ ಮೇಲೆ ನಿಲ್ಲದ ಅಂಟು ರೆಕ್ಕೆಯ ಮೇಲೆ ನಿಲ್ಲುತ್ತದೆಂದು ಹೇಗೆ ನಂಬುವುದು ಎಂಬುದು ಅವರ ಮಾತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಅವರ ಕೈಯಲ್ಲಿ ಇದ್ದದ್ದು ನನ್ನ ಸಹಿಯ ಕಾಗದ.

ಅಪ್ಪ ಸಾರಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅಲ್ಲಿಯೂ ಬ್ರೇಕ್ ನೋಡಿದವನ ಸಹಿ ಇಲ್ಲದೆ ಬಸ್ಸು ಗೇಟು ದಾಟುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಮುಖ್ಯಸ್ಥರನ್ನು ಬೈಯುತ್ತಾ ಚಹಾ ಕುಡಿಯುವಾಗ ಅಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೇ ಕೇಳಿದರು.

"ಆ ವರದಿ ಸುಳ್ಳು ಅಂತ ನೀ ಯಾರಿಗೆ ಬರ್ದು ಕೊಟ್ಟಿ?"

ಯಾರಿಗೂ ಇಲ್ಲ ಎಂದೆ.

"ಹಂಗಾರ ಅದು ಇನ್ನೂ ನಿಂದ ಐತಿ," ಎಂದು ಸ್ಕೂಟರಿನ ಕೀಲಿ ಮೇಜಿನ ಮೇಲಿಟ್ಟರು.

ಅಪ್ಪನ ಮೇಲೂ ಸಿಟ್ಟು ಬಂತು. ಆದರೂ ಕೊಟ್ಟೂರಿಗೆ ಹೋಗಲಿಲ್ಲ. ಹಡಗಲಿ ದಾರಿ ಹಿಡಿದೆ.

ಹಿರೇಹಡಗಲಿಯಲ್ಲಿ ಮೇಸ್ತ್ರಿ ಮನೆ ಮುಂದಿನ ಬೇವಿನ ಮರದಡಿ ಕೂತು ಯಾರದೋ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ತೇಪೆ ಹಚ್ಚಿ ಉಜ್ಜುತ್ತಿದ್ದರು. ಬರ್ರಿ ಎಂದರು, ಕೂಡ್ರಿ ಎನ್ನಲಿಲ್ಲ. ನಾನು ನಿಂತೇ ಇದ್ದೆ. ಅವರು ಉಜ್ಜುತ್ತಲೇ ಕೇಳಿದರು.

"ನನ್ನ ಹೆಸರಿನ ಕೆಳಗ ನಿಮ್ಮ ಹೆಸರು ಐತಂತಲ್ರಿ."

"ಐತ್ರಿ. ನನ್ನ ಕೇಳಲಾರದ ಹಾಕ್ಯಾರ."

"ಕೇಳಿದ್ರ ಬ್ಯಾಡ ಅಂತಿದ್ರೇನು?"

ಅಂತಿದ್ದೆ ಎಂದು ಬಾಯಿಗೆ ಬಂತು. ಆದರೆ ಆರನೆ ದಿನ ಬೆಳಿಗ್ಗೆ ಬಾನೆಟ್ಟಿನ ಮೇಲಿದ್ದ ಹಾಳೆ ಕಣ್ಣ ಮುಂದೆ ಇತ್ತು.

"ಪದರ ಸಾಲಂಗಿಲ್ಲ ಅಂದಾಗ ನೀವೂ ಅಲ್ಲೇ ನಿಂತಿದ್ರಿ," ಎಂದರು. "ಕಂಪ್ಯೂಟರಿನಾಗ ನೋಡ್ಯಾರ ಅಂದ್ರಿ."

"ಅದು ಸುಳ್ಳು ಹೇಳಿದ್ನ್ರಿ. ಅದನ್ನ ಯಾರೂ ನೋಡಿರಲಿಲ್ಲ."

ಆಗ ಉಜ್ಜುವುದನ್ನು ನಿಲ್ಲಿಸಿದರು. ಮುಖ ಕೆಂಪಾಗಿತ್ತು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಕೈಗೆ ಮೆತ್ತಿದ ಪುಡಿಯನ್ನು ಲುಂಗಿಗೆ ಒರೆಸಿಕೊಂಡರು.

"ಮಾತಿನಾಗ ಬ್ಯಾಡ್ರಿ ಮೇಡಂ. ಅಂಟು ಬಿಟ್ಟಿಲ್ಲ, ಅಂಚು ಬಾಗೇತಿ ಅಂತ ಕಾಗದದ ಮ್ಯಾಲ ಬರ್ದು ಕೊಡ್ರಿ. ಸುಮ್ನ ಬರಿಬ್ಯಾಡ್ರಿ, ಅಳದು ಬರೀರಿ."

ಮುಖ್ಯಸ್ಥರು ಮಾಲೀಕರನ್ನು ಕಾಣಲು ನಗರಕ್ಕೆ ಹೋಗಿದ್ದರು. ಇಬ್ಬರೂ ಕೊಟ್ಟೂರಿಗೆ ಹೋದೆವು. ಶೆಡ್ಡಿನಲ್ಲಿ ನಮ್ಮನ್ನು ತಡೆಯುವವರು ಇರಲಿಲ್ಲ. ಮೊದಲು ಹರಿದ ಎಡ ಅಂಚಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆವು. ಮೇಸ್ತ್ರಿ ಅದರ ಬಾಯಿಯ ಮೇಲೆ ಬೆರಳಾಡಿಸಿ ತೋರಿಸಿದರು. ಅಂಟು ಬಿಟ್ಟಿದ್ದರೆ ಪದರಗಳು ಒಂದರಿಂದೊಂದು ಸಿಪ್ಪೆಯ ಹಾಗೆ ಬೇರೆಯಾಗಿ, ಬಿಟ್ಟ ಜಾಗ ಕನ್ನಡಿಯಂತೆ ಹೊಳೆಯಬೇಕಿತ್ತು. ಇಲ್ಲಿ ಎಳೆಗಳೇ ತುಂಡಾಗಿ ಪೊರಕೆಯಂತೆ ಒರಟಾಗಿ ನಿಂತಿದ್ದವು. ಅಂಟು ಕೊನೆಯವರೆಗೂ ಹಿಡಿದಿತ್ತು. ಫೋಟೊ ತೆಗೆದೆ, ತುಂಡನ್ನು ಚೀಲದಲ್ಲಿ ಕಟ್ಟಿ ಇಟ್ಟೆ.

ಬಲ ಅಂಚು ಹಾನಿಯಾಗದೆ ಉಳಿದಿತ್ತು. ಎಡಕ್ಕೂ ಬಲಕ್ಕೂ ಅಚ್ಚು ಒಂದೇ, ಪದರ ಅಷ್ಟೇ. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಬಲ ಅಂಚಿಗೆ ನಾಲ್ಕು ಕಡೆ ಪಟ್ಟಿ ಕಟ್ಟಿ, ಕುಡಿಯುವ ನೀರಿನ ಕ್ಯಾನುಗಳನ್ನು ನೇತು ಹಾಕಿದೆವು. ಒಂದೊಂದರಲ್ಲಿ ಹತ್ತು ಲೀಟರ್ ನೀರು, ಅಂದರೆ ಹತ್ತು ಕಿಲೋ, ನಾಲ್ಕೂ ಸೇರಿ ನಲವತ್ತು. ನೂರಾ ಅರವತ್ತರ ವೇಗದಲ್ಲಿ ಗಾಳಿ ಆ ಅಂಚನ್ನು ಸುಮಾರು ಅಷ್ಟೇ ಬಲದಿಂದ ಎಳೆಯುತ್ತದೆಂದು ಲೆಕ್ಕ ಹಾಕಿದ್ದೆ. ಅಂಚಿನ ಮೇಲೆ ಬಾಗಿದ್ದನ್ನು ಅಳೆಯುವ ಮುಳ್ಳಿನ ಗೇಜು ಇಟ್ಟು ಒಂದೊಂದು ಕ್ಯಾನು ಕಟ್ಟಿದಾಗಲೂ ಓದಿ ಬರೆದೆ. ಮೂರು, ಆರೂವರೆ, ಹತ್ತು, ಹದಿನಾಲ್ಕು. ಮಿಲಿಮೀಟರುಗಳು. ಅಷ್ಟು ವೇಗದಲ್ಲಿ ಅಂಚಿಗೂ ರಸ್ತೆಗೂ ಉಳಿಯುತ್ತಿದ್ದ ಜಾಗವೇ ಇಪ್ಪತ್ತು. ರಸ್ತೆಯಲ್ಲಿ ಒಂದು ಚಿಕ್ಕ ಉಬ್ಬು ಸಾಕಿತ್ತು. ಮೂರು ಸಲ ಇಳಿಸಿ, ಮೂರು ಸಲ ಕಟ್ಟಿ ನೋಡಿದೆವು. ಅದೇ ಬಂತು.

ಮೂರನೆ ಸಲವೂ ಹದಿನಾಲ್ಕು ಎಂದು ಓದಿದಾಗ ಮೇಸ್ತ್ರಿ ಕ್ಯಾನುಗಳನ್ನು ಬಿಚ್ಚತೊಡಗಿದರು. ನಾನು ಸ್ಪ್ಯಾನರನ್ನು ಗೋಡೆಗೆ ಬೀಸಿ ಒಗೆದೆ. ಅರ್ಧ ದಿನದ ಕೆಲಸ ಅದು. ನಾಲ್ಕು ಕ್ಯಾನು ನೀರು, ಒಂದು ಗೇಜು. ಮೂರನೆ ದಿನವೇ ಮಾಡಬಹುದಿತ್ತು. ಅದರ ಬದಲು ಸರಿಯಿದ್ದ ಸೆನ್ಸರುಗಳನ್ನು ಎರಡು ದಿನ ಬಿಚ್ಚಿ ಕೂರಿಸಿದ್ದೆ.

ಪರೀಕ್ಷೆಯ ಯಾವ ವಿವರವನ್ನೂ ಹೊರಗಿನವರಿಗೆ ಕೊಡಕೂಡದೆಂದು ನನ್ನ ನೇಮಕದ ಕರಾರಿನಲ್ಲಿತ್ತು. ಅದನ್ನು ಓದಿಯೇ ಒಪ್ಪಿದ್ದೆ. ಆದರೂ ಶೆಡ್ಡಿನ ಬಾಗಿಲಲ್ಲಿ ಡ್ರಮ್ಮಿನ ಮೇಲೆ ಕಾಗದ ಇಟ್ಟುಕೊಂಡು ಪತ್ರ ಬರೆದೆ. ವರದಿಯಲ್ಲಿರುವ ಸಹಿ ನನ್ನ ಒಪ್ಪಿಗೆಯಿಲ್ಲದೆ ಹಾಕಿದ್ದು. ಅಂಟಿನಲ್ಲಿ ದೋಷವಿರಲಿಲ್ಲ. ಅಂಚಿನ ಪದರಗಳು ನಕ್ಷೆಯಲ್ಲೇ ಕಡಿಮೆ ಇದ್ದವು. ಹೆಚ್ಚು ಬೇಕೆಂದು ಮೇಸ್ತ್ರಿ ಹೇಳಿದ್ದರು. ನಾನೂ ಮುಖ್ಯಸ್ಥರೂ ಕೇಳಲಿಲ್ಲ. ಕೊನೆಯ ಎರಡು ಸಾಲು ಬರೆಯುವಾಗ ಪೆನ್ನು ಕಾಗದಕ್ಕೆ ತೂತು ಮಾಡಿತು. ಅಳತೆ ಪುಸ್ತಕದಿಂದ ಮೂರು ಹಾಳೆಗಳನ್ನೇ ಕಿತ್ತು ಪತ್ರಕ್ಕೆ ಪಿನ್ನು ಹೊಡೆದು ಮೇಸ್ತ್ರಿಯ ಕೈಗಿಟ್ಟೆ. ಅವರು ನಿಧಾನವಾಗಿ ಪೂರ್ತಿ ಓದಿದರು. "ನಾನೂ" ಎಂಬಲ್ಲಿ ಬೆರಳಿಟ್ಟು ಒಮ್ಮೆ ನನ್ನ ಮುಖ ನೋಡಿ, ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು.

ಆಮೇಲೆ ಇಬ್ಬರೂ ಸೇರಿ ತಳಹಲಗೆ ಸರಿಮಾಡಿದೆವು. ಎಡಕ್ಕೆ ಹೊಸ ಅಂಚು, ಎರಡೂ ಕಡೆ ಇನ್ನೆರಡು ಪದರ, ಮೇಲಿನಿಂದ ಅಂಚನ್ನು ಎತ್ತಿ ಹಿಡಿಯಲು ಪ್ರತಿ ಬದಿಗೆ ನಾಲ್ಕು ಸಣ್ಣ ಉಕ್ಕಿನ ಸರಳು. ನಾಲ್ಕೂ ಕ್ಯಾನು ಕಟ್ಟಿದರೆ ಈಗ ಬಾಗುತ್ತಿದ್ದದ್ದು ಮೂರು ಮಿಲಿಮೀಟರ್. ಮುಖ್ಯಸ್ಥರು ವಾಪಸ್ ಬಂದು ಸರಳುಗಳನ್ನು ನೋಡಿ, ತಾತ್ಕಾಲಿಕ ಎಂದು ಬರೆದುಕೊಂಡರು. ಬೇರೆ ದಾರಿ ಅವರಿಗೂ ಇರಲಿಲ್ಲ. ತಂಡ ಊರು ಬಿಡುವ ಮೊದಲು ಕಾರು ಓಡಲೇಬೇಕೆಂದು ಮಾಲೀಕರು ಹೇಳಿ ಕಳಿಸಿದ್ದರು.

ಕೊನೆಯ ಬೆಳಿಗ್ಗೆ ಚಾಲಕ ಕಟ್ಟು ಬಿಚ್ಚಿಸಿಕೊಂಡು ಬಂದ. ಓಟದ ಹಾಳೆಯನ್ನು ಮುಖ್ಯಸ್ಥರು ನನ್ನ ಕಡೆ ತಳ್ಳುವ ಮೊದಲೇ ಅವನು ಅದನ್ನು ಎತ್ತಿಕೊಂಡು ನನ್ನ ಮುಂದೆ ಹಿಡಿದು, ಅಳೆದಿದ್ದೀರಾ ಎಂದು ಕೇಳಿದ. ಅಳೆದಿದ್ದೇನೆ ಎಂದು ಅಂಕಿಗಳನ್ನು ತೋರಿಸಿದೆ. ಸಹಿ ಹಾಕಿದೆ. ನೂರಾ ಮೂವತ್ತು, ನೂರಾ ಅರವತ್ತು, ನೂರಾ ಎಂಬತ್ತು. ಗೆರೆ ಎಲ್ಲೂ ಕುಸಿಯಲಿಲ್ಲ. ಕಂಪ್ಯೂಟರ್ ಹೇಳಿದ್ದಕ್ಕಿಂತ ಹಿಡಿತ ಕಡಿಮೆಯೇ ಇತ್ತು, ಆದರೆ ಹಳೆಯದಕ್ಕಿಂತ ಹೆಚ್ಚು, ಮತ್ತು ಕದಲದೆ ನಿಂತಿತ್ತು. ಫೋಟೊದಲ್ಲಿ ಉಣ್ಣೆ ಎಳೆಗಳು ಬಾಚಿದಂತೆ ಮಲಗಿದ್ದವು. ಮುಖ್ಯಸ್ಥರು ಪರದೆ ನೋಡಿ, ವಿನ್ಯಾಸ ಸರಿಯಾಗಿಯೇ ಇತ್ತು ನೋಡಿ ಎಂದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಅಷ್ಟರಲ್ಲಿ ಪತ್ರ ತಲುಪಬೇಕಾದಲ್ಲಿ ತಲುಪಿತ್ತು. ಮೇಸ್ತ್ರಿ ಅದನ್ನು ಸೈಟ್ ಎಂಜಿನಿಯರಿಗೆ ತೋರಿಸಿದ್ದರು. ಕೊಟ್ಟು ಬಂದಿರಲಿಲ್ಲ, ಅವರ ಎದುರೇ ಕೂತು ಓದಿಸಿ ವಾಪಸ್ ಇಸಿದುಕೊಂಡಿದ್ದರು. ಆ ಎಂಜಿನಿಯರು ತಾವೇ ಶೆಡ್ಡಿಗೆ ಬಂದು ಹರಿದ ತುಂಡನ್ನು ನೋಡಿ ಹೋದರು. ಎರಡು ದಿನದಲ್ಲಿ ಮೇಸ್ತ್ರಿಗೆ ಹಗ್ಗ, ಬೆಲ್ಟು ಮರಳಿ ಸಿಕ್ಕವು. ಕೊನೆಯ ಓಟದ ಸಂಜೆ ನನಗೆ ಮಾಲೀಕರ ಫೋನ್ ಬಂತು. ಅವರು ಬೈಯುವವರಲ್ಲ. ನೀವು ನೊಂದಿದ್ದೀರಿ, ಅರ್ಥವಾಗುತ್ತದೆ, ಆ ಪತ್ರವನ್ನು ವಾಪಸ್ ಪಡೆದು ಹರಿದುಹಾಕಿ, ಎಲ್ಲರೂ ಮರೆಯೋಣ ಎಂದರು. ವರದಿಯನ್ನು ತಿದ್ದಿ ಕಳಿಸುತ್ತೀರಾ ಎಂದು ಕೇಳಿದೆ. ಅದು ಬೇರೆ ವಿಷಯ ಎಂದರು. ಹಾಗಾದರೆ ಪತ್ರವೂ ಇರಲಿ ಎಂದೆ. ಮುಂದಿನ ರೇಸುಗಳಿಗೆ ನಾನು ಬರುವ ಅಗತ್ಯವಿಲ್ಲ ಎಂದು ತಿಳಿಸಿದರು. ಮರುದಿನ ಶೆಡ್ಡಿನಲ್ಲೇ ಲ್ಯಾಪ್‌ಟಾಪು, ಗುರುತಿನ ಚೀಟಿ, ಅಳತೆ ಪುಸ್ತಕ ಒಪ್ಪಿಸಿ, ಸ್ಕೂಟರ್ ಹತ್ತಿ ಮನೆಗೆ ಬಂದೆ. ದಾರಿಯುದ್ದಕ್ಕೂ ಗಟ್ಟಿಯಾಗಿ ಬೈಯುತ್ತಾ ಬಂದೆ.

ಮೂರು ವಾರದ ಮೇಲೆ ಮುಖ್ಯಸ್ಥರ ಫೋನ್ ಬಂತು. ರೇಸಿನ ತಪಾಸಕರು ಹೊರಗೆ ಕಾಣುವ ಉಕ್ಕಿನ ಸರಳುಗಳನ್ನು ಒಪ್ಪಿರಲಿಲ್ಲ. ಸರಳಿಲ್ಲದೆ ಗಟ್ಟಿ ನಿಲ್ಲುವ ತಳಹಲಗೆಯನ್ನು ಹತ್ತು ದಿನದಲ್ಲಿ ಮಾಡಬೇಕಿತ್ತು. ಎಷ್ಟು ಭಾರಕ್ಕೆ ಅಂಚು ಎಷ್ಟು ಬಾಗುತ್ತದೆಂದು ಗೊತ್ತಿಲ್ಲದೆ ಪದರ ಲೆಕ್ಕ ಹಾಕುವಂತಿಲ್ಲ. ಹಳೆಯ ಅಂಚು ಈಗ ಇಲ್ಲ, ಅದರ ಮೇಲೆ ಪದರ ಕೂತಾಗಿದೆ. ಅಳತೆ ಪುಸ್ತಕದಲ್ಲಿ ಮೂರು ಹಾಳೆ ಕಾಣುತ್ತಿಲ್ಲ, ಎಲ್ಲಿವೆ ಎಂದು ಕೇಳಿದರು.

"ಮಾಲೀಕರು ಹರಿದುಹಾಕಿ ಅಂದರಲ್ಲ, ಆ ಪತ್ರದ ಜೊತೆಗಿವೆ," ಎಂದೆ.

ಒಂದು ಪ್ರತಿ ಕಳಿಸಿ ಎಂದರು. ನನ್ನ ಹತ್ತಿರ ಪ್ರತಿಯಿಲ್ಲ, ಪತ್ರ ಮೇಸ್ತ್ರಿಯವರದು, ಅವರನ್ನೇ ಕೇಳಿ ಎಂದು ಅವರ ನಂಬರ್ ಕೊಟ್ಟೆ.

ಮುಂದಿನ ವಾರ ಮೇಸ್ತ್ರಿ ಫೋನ್ ಮಾಡಿದರು. ಹಿನ್ನೆಲೆಯಲ್ಲಿ ಗಾಳಿಯ ಸದ್ದು ಜೋರಾಗಿತ್ತು, ಗುಡ್ಡದ ಮೇಲಿದ್ದರೆಂದು ಕಾಣುತ್ತದೆ.

"ನಿಮ್ಮ ಸಾಹೇಬ್ರು ಬಂದಿದ್ರು ನೋಡ್ರಿ. ಫೋಟೊ ಹೊಡಿತೀನಿ ಅಂದ್ರು. ಬ್ಯಾಡ ಅಂದೆ, ಕುಂತು ಬರ್ಕೊಳ್ರಿ ಅಂದೆ. ಮೊದಲಿಂದ ಕಡೀತನಕ ಕೈಲೇ ಬರ್ಕೊಂಡ್ರು."

"ಪತ್ರಾನೂ ಓದಿದ್ರೇನ್ರಿ?"

"ಓದಿದ್ರು. ಅಂಕಿ ಅದರ ಹಿಂದ ಅದಾವಲ್ರಿ, ಅದನ್ನ ಓದಲಾರದ ಹೆಂಗ."

ತಪ್ಪಾಯಿತು ಎಂದರೇ ಎಂದು ಕೇಳಿದೆ.

"ಇಲ್ರಿ," ಎಂದರು ಮೇಸ್ತ್ರಿ. "ಚಾ ಕುಡುದು ಹೋದ್ರು."